ಒಂಬತ್ತನೇ ಹಾಳೆ

ದೆವ್ವ, ಗಾಳಿ, ದೃಷ್ಟಿ ಎಂದು ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಕೆಲವರಿಗೆ ನಗು ಬರುತ್ತದಂತೆ, ನನಗೆ ಸಿಟ್ಟೇ ಬರುವುದು. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯದೆ, ಬೇವಿನ ಸೊಪ್ಪಿನಲ್ಲಿ ನಿವಾಳಿಸುತ್ತಾ ಕೂತು, ಕೊನೆಗೆ ಕಳೆದುಕೊಂಡವರನ್ನು ನಮ್ಮ ಕೇರಿಯಲ್ಲೇ ಕಂಡವಳು ನಾನು. ಗುಬ್ಬಿಯಲ್ಲಿ ನಮ್ಮವ್ವ ಮಂಡಿಯವರು ಕೊಟ್ಟ ಹುಣಸೆಹಣ್ಣನ್ನು ಮನೆಯ ಮುಂದೆ ಹಾಕಿಕೊಂಡು ಕುಟ್ಟಿ, ನಾರು ಬಿಡಿಸಿ, ಬೀಜ ತೆಗೆದು ನನ್ನನ್ನು ಓದಿಸಿದಳು. ನಮ್ಮ ವಂಶದಲ್ಲಿ ಬಿ.ಎಸ್ಸಿ. ಪಾಸು ಮಾಡಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಓದಿದ್ದು ಯಾಕೆ ಅಂದರೆ, ಕಾರಣ ಇಲ್ಲದೆ ಏನೂ ನಡೆಯುವುದಿಲ್ಲ ಅನ್ನುವುದನ್ನು ತಿಳಿಯಲಿಕ್ಕೆ. ಇದು ನನ್ನ ನಂಬಿಕೆಯಾಗಿತ್ತು. ಈಗಲೂ ಹೆಚ್ಚುಕಡಿಮೆ ಅದೇ.

ಹಾಗಾಗಿ ಈ ಸಂಗತಿಯನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ತುಮಕೂರಿನ ಅಂತರಸನಹಳ್ಳಿಯಲ್ಲಿ ತಂತಿ ಎಳೆಯುವ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಕಂಪ್ಯೂಟರ್ ಸೆಕ್ಷನ್ನಿನಲ್ಲಿ ಟ್ರೈನಿ. ಸೆಕ್ಷನ್ ಅಂದರೆ ನಾನೊಬ್ಬಳೇ, ಜೊತೆಗೆ ಬೀರುವಿನ ಗಾತ್ರದ ಒಂದು ಮಷೀನು. ಆ ಮಷೀನನ್ನು ಬೆಂಗಳೂರಿನ ಯಾರೋ ಬೇಡವೆಂದು ಬಿಟ್ಟದ್ದನ್ನು ನಮ್ಮ ಮ್ಯಾನೇಜರು ಅಗ್ಗಕ್ಕೆ ತಂದಿದ್ದರು. ಮಾಡಿದ ಕಂಪನಿಯವರೇ ಆ ಮಾದರಿಯನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಸಹಾಯ ಕೇಳಿ ಫೋನು ಮಾಡಿದರೆ, "ಆ ಮಾಡಲ್ಲಾ? ಇನ್ನೂ ಇಟ್ಕೊಂಡಿದೀರಾ ಅದನ್ನ?" ಎಂದು ಅವರೇ ಆಶ್ಚರ್ಯಪಡುತ್ತಿದ್ದರು.

ಈ ಮಷೀನಿನ ಕಷ್ಟ ಏನೆಂದು ಒಂದಿಷ್ಟು ಹೇಳಬೇಕು. ಬೇರೆ ಮಷೀನುಗಳಿಗೆ ಪ್ರೋಗ್ರಾಂ ಎನ್ನುವುದು ರುಬ್ಬಿದ ಹಿಟ್ಟಿನ ಹಾಗೆ ಸಿದ್ಧವಾಗಿ ಬರುತ್ತಿತ್ತು. ಹಾಕಿದರೆ ಓಡುತ್ತಿತ್ತು. ನಮ್ಮದಕ್ಕೆ ಆ ಹಿಟ್ಟು ಒಗ್ಗುತ್ತಿರಲಿಲ್ಲ. ಅಕ್ಕಿ ಬೇಳೆಯನ್ನೇ ತರಿಸಿಕೊಂಡು ಅದರದೇ ಒರಳಿನಲ್ಲಿ ರುಬ್ಬಬೇಕಿತ್ತು. ಅಕ್ಕಿ ಬೇಳೆ ಅಂದರೆ ಮನುಷ್ಯರು ಬರೆದ, ಮನುಷ್ಯರು ಓದಬಲ್ಲ ಮೂಲ ಸಾಲುಗಳು. ಅದಕ್ಕೆ ಸೋರ್ಸ್ ಅನ್ನುತ್ತಾರೆ. ರುಬ್ಬುವುದು ಅಂದರೆ ಅದನ್ನು ಮಷೀನಿಗೆ ತಿಳಿಯುವ ರೂಪಕ್ಕೆ ತಿರುಗಿಸುವುದು. ಅದಕ್ಕೆ ಕಂಪೈಲ್ ಅನ್ನುತ್ತಾರೆ. ಬೊಂಬಾಯಿಯ ಹೆಡ್ ಆಫೀಸಿನಿಂದ ತಂತಿಯ ಲೆಕ್ಕ ಇಡುವ ಪ್ರೋಗ್ರಾಂ ಹೀಗೆ ಸೋರ್ಸ್ ರೂಪದಲ್ಲಿ ಬಂದಿತ್ತು. ಅದರಲ್ಲಿ ನಲವತ್ತೊಂದು ಭಾಗಗಳು. ನಮ್ಮ ಮಷೀನು ಒಂದೊಂದು ಭಾಗವನ್ನು ರುಬ್ಬಲು ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು, ಒಳಗಿನಿಂದ ರಾಗಿ ಬೀಸುವ ಕಲ್ಲಿನ ಹಾಗೆ ಗುರ್ರ್ ಗುರ್ರ್ ಎನ್ನುತ್ತಾ. ಒಟ್ಟು ಹತ್ತು ಗಂಟೆಗೂ ಮೇಲೆ. ನಡುವೆ ಕರೆಂಟು ಹೋದರೆ, ವೋಲ್ಟೇಜು ಕುಸಿದರೆ, ಆಗಿದ್ದದ್ದೂ ಕೆಟ್ಟು ಮತ್ತೆ ಒಂದರಿಂದ ಶುರು.

ಅಂತರಸನಹಳ್ಳಿಯಲ್ಲಿ ಕೆಲಸದ ದಿನ ಹತ್ತು ಗಂಟೆ ಒಂದೇ ಸಮನೆ ಕರೆಂಟು ಕಂಡವರುಂಟೇ? ಪಕ್ಕದ ಕಾರ್ಖಾನೆಯವರು ದೊಡ್ಡ ಮೋಟಾರು ಹಾಕಿದರೆ ಸಾಕು, ನಮ್ಮ ರೂಮಿನ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತಿತ್ತು, ಮಷೀನು ಸತ್ತು ಕೂರುತ್ತಿತ್ತು. ಎರಡು ತಿಂಗಳಲ್ಲಿ ಎಷ್ಟು ಸಲ ಒಂದರಿಂದ ಶುರು ಮಾಡಿದೆನೋ ಲೆಕ್ಕವಿಲ್ಲ. ಇದೆಲ್ಲ ಮ್ಯಾನೇಜರಿಗೆ ಬೇಕಿರಲಿಲ್ಲ. ದಿನಾ ಸಂಜೆ ಬಾಗಿಲಲ್ಲಿ ನಿಂತು, "ಏನಮ್ಮ, ಇವತ್ತೂ ಆಗ್ಲಿಲ್ವಾ? ಬೆಂಗಳೂರಿಂದ ಒಬ್ಬ ಹುಡುಗನ್ನ ಕರೆಸಿದ್ರೆ ಅರ್ಧ ಗಂಟೇಲಿ ಮಾಡಿ ಎದ್ದು ಹೋಗ್ತಿದ್ದ" ಅನ್ನುತ್ತಿದ್ದರು. ಒಂದು ಸಲ, "ಹಳ್ಳಿ ಕಡೆ ಡಿಗ್ರಿಗೂ ಇದಕ್ಕೂ ಆಗಿಬರಲ್ಲ" ಎಂದೂ ಅಂದರು. ನಾನು ಮತ್ತೆ ಒಂದರಿಂದ ಶುರು ಮಾಡಿದೆ. ಆ ಮಾತನ್ನು ಇವತ್ತಿಗೂ ಮರೆತಿಲ್ಲ.

ಆ ವರ್ಷದ ಆಯುಧಪೂಜೆಗೆ ವಾರ ಇರುವಾಗ ಅವರೇ ಬಂದು ಹೇಳಿದರು. ಹಬ್ಬ ಮುಗಿದ ಸೋಮವಾರ ಹೆಡ್ ಆಫೀಸಿನವರು ಬರುತ್ತಾರೆ. ಅಷ್ಟರೊಳಗೆ ಪ್ರೋಗ್ರಾಂ ಓಡಿದರೆ ನಾನು ಪರ್ಮನೆಂಟು. ಇಲ್ಲದಿದ್ದರೆ ಸೆಕ್ಷನ್ನೂ ಇಲ್ಲ, ನಾನೂ ಇಲ್ಲ.

ನಾನು ಲೆಕ್ಕ ಹಾಕಿದೆ. ಗುರುವಾರ ಆಯುಧಪೂಜೆ, ಶುಕ್ರವಾರ ವಿಜಯದಶಮಿ, ಶನಿವಾರವೂ ಸೇರಿಸಿ ಭಾನುವಾರದ ತನಕ ರಜೆ. ಇಡೀ ಅಂತರಸನಹಳ್ಳಿಯ ಕಾರ್ಖಾನೆಗಳೆಲ್ಲ ಬೀಗ. ಎಲ್ಲರ ಮಷೀನುಗಳೂ ಕುಂಕುಮ ಇಟ್ಟುಕೊಂಡು ಸುಮ್ಮನೆ ಕೂತಿರುವಾಗ ಕರೆಂಟೆಲ್ಲ ನನ್ನ ಮಷೀನಿಗೇ. ಗುರುವಾರ ಮಧ್ಯಾಹ್ನ ಪೂಜೆ ಮುಗಿದ ಕೂಡಲೇ ಶುರು ಮಾಡಿದರೆ ರಾತ್ರಿಯೊಳಗೆ ಮುಗಿದೀತು ಎಂದುಕೊಂಡೆ. ಪೂಜೆ ಮಾಡಿದ ಆಯುಧವನ್ನು ಮರುದಿನದ ತನಕ ಮುಟ್ಟಬಾರದು ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮವ್ವ ಅವತ್ತು ಹುಣಸೆಹಣ್ಣು ಕುಟ್ಟುವ ಕೊಡತಿಯನ್ನೂ ತೊಳೆದು ಮೂಲೆಗಿಡುತ್ತಿದ್ದಳು. ಗುರುವಾರ ಬೆಳಿಗ್ಗೆ ನಾನು ದಿನದಂತೆ ಗುಬ್ಬಿಯಿಂದ ಟ್ರೇನಿಗೆ ಹೊರಟಾಗಲೇ, "ಇವತ್ತು ಮಿಷಿನ್ ಮುಟ್ತಾರೇನೇ? ಅದುಕ್ಕೂ ಒಂದಿನ ಬುಡುವು ಅಂತ ಇರಲ್ವಾ?" ಎಂದಳು. "ನಂಗೆ ಯಾರು ಬುಡುವು ಕೊಡ್ತಾರವ್ವ?" ಎಂದು ಹೊರಟುಬಂದೆ.

ಬೆಳಿಗ್ಗೆ ಫ್ಲಾಪಿಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿಕೊಂಡೆ. ಅಂದಿನ ಫ್ಲಾಪಿ ಈಗಿನವರು ನೋಡಿರಲಿಕ್ಕಿಲ್ಲ. ರಟ್ಟಿನಂಥ ಕರಿಯ ಚೌಕ, ಅದರಲ್ಲೊಂದು ಕಂಡಿ, ಕಂಡಿಯೊಳಗೆ ಕಾಣುವ ಕಂದು ಬಣ್ಣದ ತಟ್ಟೆ. ಆ ತಟ್ಟೆಗೆ ಬೆರಳು ತಾಗಿಸಬಾರದು, ತಾಗಿದರೆ ಅದರಲ್ಲಿ ಬರೆದದ್ದು ಹೋಯಿತು. ಕೊನೆಯ ಭಾಗದ ಫ್ಲಾಪಿಯನ್ನು ಕವರಿನಿಂದ ಹೊರತೆಗೆದು ಕೈಯಲ್ಲಿ ಹಿಡಿದಿದ್ದೆ. ಅಷ್ಟರಲ್ಲಿ ಸ್ಟೋರ್ಸ್ ಸೂಪರ್‌ವೈಸರ್ ನಂಜಪ್ಪನವರು ಬಂದು, "ಹೆಣ್ಣುಮಗು ಅಂತ ಇರೋದು ನೀನೊಬ್ಳೇ. ಬಾರಮ್ಮ, ಗೇಟ್ ಹತ್ರ ದೊಡ್ಡದಾಗಿ ಒಂದು ರಂಗೋಲಿ ಹಾಕು" ಎಂದರು. ಇಡೀ ಆಫೀಸಿನಲ್ಲಿ ಡಿಗ್ರಿ ಮಾಡಿದವರು ಮೂರು ಜನ. ಉಳಿದಿಬ್ಬರಿಗೆ ಯಾರೂ ರಂಗೋಲಿ ಹಾಕಲು ಹೇಳಲಿಲ್ಲ. ಫ್ಲಾಪಿಯನ್ನು ಹಾಗೇ ಬಿಟ್ಟು ಹೋದೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಪೂಜೆ ಆಯಿತು, ಬೂದುಗುಂಬಳ ಒಡೆದರು, ಎಲ್ಲರಿಗೂ ಕಡ್ಲೆಪುರಿ ಹಂಚಿ ಮನೆಗೆ ಕಳಿಸಿದರು. ನಾನು ಕೈಯ ರಂಗೋಲಿ ಪುಡಿ ತೊಳೆದುಕೊಂಡು ರೂಮಿಗೆ ಬಂದರೆ ಮಷೀನಿನ ಹಣೆಗೆ ಅಂಗೈಯಗಲ ಕುಂಕುಮ, ಹೂವಿನ ಹಾರ. ಇರಲಿ. ಹಿಂದಿನ ಸಲ ಕರೆಂಟು ಹೋದಾಗ ಮಷೀನಿನೊಳಗಿದ್ದ ಪ್ರತಿಯೂ ಕೆಟ್ಟಿದ್ದರಿಂದ, ಮೊದಲು ಎಲ್ಲ ಫ್ಲಾಪಿಗಳಲ್ಲಿದ್ದದ್ದನ್ನು ಮತ್ತೆ ಅದರೊಳಕ್ಕೆ ತುಂಬಿಸಬೇಕಿತ್ತು. ಹತ್ತು ಫ್ಲಾಪಿ ಸರಿಯಾಗಿ ಹೋದವು. ಕೊನೆಯದಾದ ಹನ್ನೊಂದನೆಯದಕ್ಕೆ ಮಷೀನು ಕಿರ್ರ್ ಎಂದು ಕಿರುಚಿತು. ತೆಗೆದು ನೋಡಿದರೆ ಕಂಡಿಯೊಳಗೆ ತಟ್ಟೆಯ ಮೇಲೇ ಕುಂಕುಮ! ಕವರಿನಲ್ಲಿದ್ದವಕ್ಕೆ ಕವರಿನ ಮೇಲೆ ಇಟ್ಟಿದ್ದಾರೆ, ಕವರಿಲ್ಲದ ಇದಕ್ಕೆ ನೇರ ಕಂಡಿಗೇ.

ಓಡಿಹೋಗಿ ನಂಜಪ್ಪನವರನ್ನು ಕೇಳಿದೆ. ಅವರು ಸ್ಕೂಟರ್ ಹತ್ತಿದ್ದವರು ಇಳಿಯದೆ, "ಬೊಟ್ಟಿಡಕ್ಕೇ ಅಂತ ಜಾಗ ಬಿಟ್ಟಂಗಿತ್ತು ಕಣಮ್ಮ" ಎಂದರು. ಆಮೇಲೆ ನಾನು ಮಷೀನು ಹಾಕಿದ್ದೇನೆಂದು ತಿಳಿದು ಅವರೇ ನನ್ನ ಮೇಲೆ ರೇಗಿದರು. "ಪೂಜೆ ಮಾಡಿದ್ ಮಷೀನು ಮುಟ್ಟಿದ್ಯಾ? ಅದಕ್ಕೇ ಕಿರುಚಿರೋದು!"

ಸರಿ, ಆ ಭಾಗದ ಅಚ್ಚಿನ ಪ್ರತಿ ಇದೆಯಲ್ಲ, ನೋಡಿಕೊಂಡು ಟೈಪು ಮಾಡಿದರಾಯಿತು ಎಂದು ಕಪಾಟಿಗೆ ಹೋದೆ. ಬೊಂಬಾಯಿಯವರು ಸೋರ್ಸನ್ನೆಲ್ಲ ಕಾಗದದ ಮೇಲೂ ಅಚ್ಚು ಮಾಡಿ ಕಳಿಸಿದ್ದರು, ದೊಡ್ಡ ಕಟ್ಟು. ಕಪಾಟು ಖಾಲಿ. ಗೇಟಿನಲ್ಲಿ ಕಾವಲಿನ ರಂಗಣ್ಣನನ್ನು ಕೇಳಿದೆ. ಹುತ್ರಿದುರ್ಗದ ಕಡೆಯ ಮುದುಕ, ಪುರಿ ಹಂಚಿದವನು ಅವನೇ.

"ಆ ಗೀಟ್‌ಗೀಟ್ ಪೇಪರ್ರಾ? ಒಂದ್ಕಡೆ ಖಾಲಿ ಇತ್ತಲ್ಲವ್ವಾ. ಪುರಿ ಕಟ್ಟಕ್ಕೆ ತಗಳ್ಳಿ ಅಂದ್ರು ನಂಜಪ್ಪೋರು. ಒಳ್ಳೇ ಗಟ್ಟಿ ಪೇಪರ್ ಕಣವ್ವ, ಒಂದ್ ಪುರೀನೂ ಸೋರ್ನಿಲ್ಲ!"

ನಾನು ಅಲ್ಲೇ ನನ್ನ ರಂಗೋಲಿಯ ಮೇಲೆ ಕೂತುಬಿಟ್ಟೆ. ಬೊಂಬಾಯಿಗೆ ಟ್ರಂಕ್ ಕಾಲ್ ಮಾಡೋಣವೆಂದರೆ ಅಲ್ಲೂ ದಸರಾ ರಜೆ. ಟಪಾಲಿನಲ್ಲಿ ಬರಲು ವಾರ ಬೇಕು.

ನನಗೆ ಬೇಕಿದ್ದದ್ದು ಕೊನೆಯ ಭಾಗದ ಹನ್ನೆರಡೇ ಹಾಳೆ. ಕೊನೆಗೆ ಅಚ್ಚಾದದ್ದರಿಂದ ಅವು ಕಟ್ಟಿನ ಮೇಲ್ಗಡೆ ಇದ್ದವು, ಹಾಗಾಗಿ ಸಾಲಿನಲ್ಲಿ ಮೊದಲು ನಿಂತವರ ಪೊಟ್ಟಣಗಳಾಗಿದ್ದವು. ಮೊದಲು ಯಾರು ಯಾರು ನಿಂತಿದ್ದರು ಎಂದು ರಂಗಣ್ಣ ನೆನಪು ಮಾಡಿಕೊಂಡು ಹೇಳಿದ. ಐದು ಹಾಳೆ ಕಾಂಪೌಂಡಿನೊಳಗೇ ಸಿಕ್ಕಿದವು. ಅಲ್ಲೇ ತಿಂದು ಬಿಸಾಡಿದ್ದವು. ಕಸದಲ್ಲಿ ಕೈಯಾಡಿಸಿ ತೆಗೆದೆ. ಶುಕ್ರವಾರ ಹಬ್ಬದ ದಿನ ಜನರ ಮನೆ ಬಾಗಿಲು ಬಡಿದುಕೊಂಡು ತಿರುಗಿದೆ. ಕ್ಯಾತ್ಸಂದ್ರದಲ್ಲಿ ಮೂರು ಹಾಳೆ. ಒಂದರ ಮೇಲೆ ಎಣ್ಣೆ, ಒಂದನ್ನು ಒಲೆ ಹಚ್ಚಲು ಮಡಚಿ ಇಟ್ಟಿದ್ದರು. ಗುಬ್ಬಿಯಲ್ಲಿ ಮೂರು. "ಹಬ್ಬದ್ ದಿನ ಪೊಟ್ಣ ಕೇಳ್ಕಂಡ್ ಬಂದವ್ಳಲ್ಲ, ಇವ್ಳಿಗೇನಾಗೈತೆ?" ಎಂದು ಒಬ್ಬಾಕೆ ನನ್ನೆದುರೇ ಅಂದಳು. ಹನ್ನೊಂದಾದವು. ಒಂಬತ್ತನೆಯದು ಮಾತ್ರ ಇಲ್ಲ. ಅದು ಸಿದ್ದಲಿಂಗ ಎನ್ನುವವನ ಹತ್ತಿರ ಇರಬೇಕು ಎಂದು ಲೆಕ್ಕಕ್ಕೆ ಬಂತು. ಅವನ ಮನೆ ಕುಣಿಗಲ್ಲು. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೆಬ್ಬೂರು ಮಾರ್ಗವಾಗಿ ಹೋದೆ. ಮನೆಗೆ ಬೀಗ. ಹೆಂಡತಿಯ ತವರಿಗೆ ಹೋಗಿದ್ದಾನೆ, ಯಾವೂರೋ ಗೊತ್ತಿಲ್ಲ ಎಂದರು ಪಕ್ಕದವರು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಅಳು ಬಂದಿದ್ದರೆ ಚೆನ್ನಾಗಿತ್ತು. ಹಾಗೇ ಕಾರ್ಖಾನೆಗೆ ಹೋಗಿ ಸಂಜೆಯವರೆಗೆ ಹನ್ನೊಂದು ಹಾಳೆಯನ್ನೂ ಟೈಪು ಮಾಡಿದೆ. ಒಂಬತ್ತನೆಯದರ ಜಾಗ ಖಾಲಿ ಬಿಟ್ಟೆ. ಹಿಂದಿನ ಹಾಳೆ, ಮುಂದಿನ ಹಾಳೆ ನೋಡಿ ಅದರಲ್ಲಿ ಏನಿದ್ದಿರಬೇಕೆಂದು ಗೊತ್ತಾಗಿತ್ತು. ತಂತಿಯನ್ನು ಎಳೆಯುವಾಗ ಒಂದೊಂದು ಗೇಜಿಗೆ, ಅಂದರೆ ತಂತಿಯ ಒಂದೊಂದು ದಪ್ಪಕ್ಕೆ, ಎಷ್ಟೆಷ್ಟು ಸವಕಳಿ ಬಿಡಬೇಕು ಎನ್ನುವ ಇಪ್ಪತ್ತೆರಡು ಅಂಕಿಗಳ ಪಟ್ಟಿ, ಅದನ್ನು ಬಳಸುವ ಒಂದಷ್ಟು ಸಾಲು. ಸಾಲುಗಳನ್ನು ನಾನು ಬರೆದೇನು. ಅಂಕಿಗಳನ್ನು ಎಲ್ಲಿಂದ ತರಲಿ?

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಂಪೈಲಿಗೆ ಹಾಕಿದೆ. ಸೂರ್ಯ ಚೆನ್ನಾಗಿ ಕಾಯುತ್ತಿದ್ದ ಹಾಡುಹಗಲು. ಕಾಂಪೌಂಡಿನಲ್ಲಿ ನಾನು, ರಂಗಣ್ಣ ಇಬ್ಬರೇ. ಮಷೀನು ಒಂದೊಂದೇ ಭಾಗ ರುಬ್ಬುತ್ತಿರುವಾಗ ಅದರಲ್ಲಿ ಬೇರೇನೂ ಟೈಪು ಮಾಡುವ ಹಾಗಿರಲಿಲ್ಲ. ಕೊನೆಯ ಭಾಗದ ಸರದಿ ಬಂದಾಗ ನಿಲ್ಲಿಸಿ ಸೇರಿಸಿದರಾಯಿತು ಎಂದು, ನಾನು ಪೆನ್ನು ಹಿಡಿದು ಕಾಗದದ ಮೇಲೆ ಒಂಬತ್ತನೇ ಹಾಳೆಯನ್ನು ಊಹಿಸಿ ಬರೆಯುತ್ತಾ ಕೂತೆ. ಇಪ್ಪತ್ತೆರಡು ಜಾಗ ಖಾಲಿ. ಕೊನೆಗೆ ಸೊನ್ನೆ ಹಾಕಿ ಓಡಿಸುವುದು, ಸೋಮವಾರ ಲೆಕ್ಕ ತಪ್ಪು ಬಂದಾಗ ಸಿಕ್ಕಿಬೀಳುವುದು. ಬೇರೆ ದಾರಿ ಇರಲಿಲ್ಲ.

ಇಪ್ಪತ್ತಮೂರು ಭಾಗ ಆಗಿತ್ತು. ಒಂದೂ ಮುಕ್ಕಾಲಿಗೆ ಕರೆಂಟು ಹೋಯಿತು.

ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಎದ್ದು ನಿಂತು ಆ ಸತ್ತ ಮಷೀನನ್ನು ಬೈದೆ. ಕಾಲೇಜಿನ ಭಾಷೆಯಲ್ಲಿ ಅಲ್ಲ, ತೂಕದಲ್ಲಿ ಮೋಸ ಮಾಡಿದ ಮಂಡಿಯವನನ್ನು ನಮ್ಮವ್ವ ಬೈಯುವ ಭಾಷೆಯಲ್ಲಿ. "ಕುಂಕುಮ ಬೇಕು ನಿಂಗೆ, ಹೂವ ಬೇಕು, ಕುಂಬಳಕಾಯಿ ಬೇಕು, ಕೆಲ್ಸ ಮಾಡು ಅಂದ್ರೆ ಸಾಯ್ತೀಯಾ? ಉಣ್ಣೋ ಅನ್ನಕ್ಕೆ ಮಣ್ಣಾಕಕ್ಕೇ ಬಂದ್ಯಾ ಇಲ್ಲೀಗಂಟ?" ಎಂದು ಕೂಗಿದೆ. ಹಾರವನ್ನು ಕಿತ್ತು ಎಸೆದೆ. ಸೆರಗಿನಿಂದ ಅದರ ಹಣೆಯ ಕುಂಕುಮವನ್ನು ತಿಕ್ಕಿ ಒರೆಸಿದೆ. ಗಲಾಟೆ ಕೇಳಿ ಬಂದ ರಂಗಣ್ಣ ಬಾಗಿಲಲ್ಲೇ ನಿಂತು, "ಅಯ್ಯಯ್ಯೋ, ಅಳಿಸ್ಬ್ಯಾಡ ಕಣವ್ವ, ಅಳಿಸ್ಬ್ಯಾಡ! ಅದ್ರ ತಂಟೆಗೆ ಹೋಗ್ಬ್ಯಾಡ, ಬಾ ಈಚೆಗೆ" ಎಂದ.

ಬಾಗಿಲು ಎಳೆದುಕೊಂಡು ಈಚೆಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅವನು ಕೊಟ್ಟ ನೀರು ಕುಡಿದೆ. ಗಂಟೆಗೂ ಮೇಲೆ ಅಲ್ಲೇ ಕೂತಿದ್ದೆ. ಅವನು ಗೋಡೆಗೊರಗಿ ಎಲೆಗೆ ಸುಣ್ಣ ಸವರುತ್ತಿದ್ದ. ಈಗ ಕರೆಂಟು ಬಂದರೂ ಇವತ್ತಿಗೆ ಮುಗಿಯುವುದಿಲ್ಲ, ಹೋಗಿ ಟ್ರೇನು ಹಿಡಿಯಲೋ ಹೇಗೆ ಎಂದು ಯೋಚಿಸುತ್ತಾ ಗಡಿಯಾರ ನೋಡಿಕೊಂಡೆ. ಮೂರು ಹತ್ತು.

ಆಗ ಒಳಗಿನಿಂದ ಗುರ್ರ್ ಗುರ್ರ್ ಎಂದು ಕೇಳಿಸಿತು.

"ಓಡ್ತೈತಲ್ಲವ್ವಾ ನಿನ್ ಮಿಷಿನು" ಎಂದ ರಂಗಣ್ಣ, ಎಲೆ ಬಾಯಿಗಿಡುತ್ತಾ. ಆಮೇಲೆ ಅವನೇ ತಲೆಯೆತ್ತಿ ಗೇಟಿನ ರೂಮಿನ ಫ್ಯಾನು ನೋಡಿದ. ಸ್ವಿಚ್ಚು ಹಾಕಿಯೇ ಇತ್ತು. ಫ್ಯಾನು ನಿಂತೇ ಇತ್ತು. ಎಲೆ ಅವನ ಕೈಯಲ್ಲೇ ಉಳಿಯಿತು.

"ಕರೆಂಟ್ ಬಂದಿಲ್ಲ ರಂಗಣ್ಣ" ಎಂದೆ.

"ಗೊತ್ತಾಯ್ತು ಬುಡವ್ವ" ಎಂದ ಅವನು. ದನಿ ಸಣ್ಣಗಾಗಿತ್ತು.

ಎಷ್ಟು ಹೊತ್ತು ಕೇಳಿಸಿತು? ಎರಡು ನಿಮಿಷ ಇರಬಹುದು, ಮೂರು ಇರಬಹುದು. ಎದ್ದು ಹೋಗಿ ಬಾಗಿಲು ತೆಗೆದೆ. ತೆಗೆದ ತಕ್ಷಣ ನಿಂತಿತು. ಒಳಗೆ ದೀಪವಿಲ್ಲ, ಎ.ಸಿ. ಇಲ್ಲ, ಪರದೆ ಕಪ್ಪಗಿತ್ತು. ಮಷೀನಿನ ಮೈ ಮುಟ್ಟಿ ನೋಡಿದೆ. ಬಿಸಿಯಾಗಿತ್ತು. ಮುಚ್ಚಿದ ರೂಮಿನ ಸೆಕೆಗೆ ಎಂದುಕೊಂಡೆ. ನನಗೆ ಹೆದರಿಕೆ ಆಯಿತೇ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಆಗಲಿಲ್ಲ. ಅಷ್ಟು ಸಿಟ್ಟಿನೊಳಗೆ ಹೆದರಿಕೆಗೆ ಜಾಗವಿರಲಿಲ್ಲ.

ನಾಲ್ಕಕ್ಕೆ ಕರೆಂಟು ಬಂತು. ಮಷೀನು ಹಾಕಿ, ಏನೇನು ಕೆಟ್ಟಿದೆ ನೋಡೋಣವೆಂದು ಪಟ್ಟಿ ತೆಗೆಸಿದೆ. ಪ್ರತಿಯೊಂದು ಭಾಗದ ಪಕ್ಕದಲ್ಲೂ ಅದು ಸಿದ್ಧವಾದ ಗಂಟೆ ನಿಮಿಷ ಇರುತ್ತದೆ. ಒಂದರಿಂದ ಇಪ್ಪತ್ತಮೂರರ ತನಕ ಬೆಳಗಿನಿಂದ ಕಾಲು ಕಾಲು ಗಂಟೆಯ ಅಂತರ, ಸರಿಯಾಗಿಯೇ ಇತ್ತು. ಪಟ್ಟಿ ಅಲ್ಲಿಗೆ ನಿಲ್ಲಲಿಲ್ಲ. ಇಪ್ಪತ್ನಾಲ್ಕು, ಇಪ್ಪತ್ತೈದು, ಹೀಗೆ ನಲವತ್ತೊಂದರ ತನಕ ಬಂತು. ಆ ಹದಿನೆಂಟು ಭಾಗಗಳ ಪಕ್ಕದಲ್ಲೂ ಒಂದೇ ವೇಳೆ. ಮೂರು ಹತ್ತು. ನಮ್ಮ ಮಷೀನಿಗೆ ಕರೆಂಟು ಇದ್ದಿದ್ದರೂ ಅದು ನಾಲ್ಕೂವರೆ ಗಂಟೆಯ ಕೆಲಸ.

ನಲವತ್ತೊಂದನೇ ಭಾಗದ ಸೋರ್ಸನ್ನು ಪರದೆಯ ಮೇಲೆ ತೆಗೆದು ನೋಡಿದೆ. ನಾನು ಖಾಲಿ ಬಿಟ್ಟ ಜಾಗದಲ್ಲಿ ಒಂಬತ್ತನೇ ಹಾಳೆ ಇತ್ತು. ಇಪ್ಪತ್ತೆರಡೂ ಅಂಕಿ ಇದ್ದವು.

ಫ್ಲಾಪಿ ಎಲ್ಲಿತ್ತು ಅನ್ನುತ್ತೀರಾ? ನನ್ನ ಚೀಲದಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ, ಕುಂಕುಮದ ಸಮೇತ. ಗುರುವಾರ ಕಿರುಚುವ ಮೊದಲೇ ಅದು ಓದಿಕೊಂಡಿದ್ದಿರಬೇಕು, ಎಲ್ಲೋ ಒಳಗೆ ಉಳಿದದ್ದು ಹೇಗೋ ಬಂದು ಸೇರಿಕೊಂಡಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹದಿನೆಂಟು ಭಾಗಗಳ ಮಾತನ್ನು ಯೋಚಿಸಲೇ ಹೋಗಲಿಲ್ಲ. ಆರೂ ಕಾಲಿನ ಟ್ರೇನಿಗೆ ಗುಬ್ಬಿಗೆ ಹೋಗಿ, ಮಲಗಿಬಿಟ್ಟೆ.

ಸೋಮವಾರ ಹೆಡ್ ಆಫೀಸಿನಿಂದ ಇಬ್ಬರು ಬಂದರು. ಪ್ರೋಗ್ರಾಂ ಓಡಿತು. ಅವರಲ್ಲಿ ವಯಸ್ಸಾದ ಒಬ್ಬರು ಸವಕಳಿಯ ಪಟ್ಟಿಯನ್ನು ಅಚ್ಚು ಹಾಕಿಸಿ, ಕನ್ನಡಕ ಏರಿಸಿಕೊಂಡು ನೋಡಿದರು. ಒಂದು ಅಂಕಿಯ ಮೇಲೆ ಬೆರಳಿಟ್ಟು, ಇದನ್ನು ತಿದ್ದಿದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಅರ್ಥವಾಗಲಿಲ್ಲ. ಫ್ಲಾಪಿಗಳಲ್ಲಿ ಈ ಅಂಕಿ ತಪ್ಪಾಗಿತ್ತು, ಅಚ್ಚಾದ ಮೇಲೆ ಗಮನಕ್ಕೆ ಬಂದು ತಾನೇ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದೆ, ಸಾಮಾನ್ಯವಾಗಿ ಯಾರೂ ಅದನ್ನು ನೋಡುವುದಿಲ್ಲ, ಈ ಹುಡುಗಿ ನೋಡಿದ್ದಾಳೆ ಎಂದು ಅವರು ಮ್ಯಾನೇಜರಿಗೆ ಹೇಳಿದರು. ಫ್ಲಾಪಿಯಿಂದ ಬಂದಿರಬೇಕು ಎನ್ನುವ ನನ್ನ ಸಮಾಧಾನ ಅಲ್ಲಿಗೆ ಮುಗಿಯಿತು. ಫ್ಲಾಪಿಯಿಂದ ಬಂದಿದ್ದರೆ ತಪ್ಪು ಅಂಕಿ ಬರಬೇಕಿತ್ತು.

ಎರಡು ತಿಂಗಳಿನಿಂದ ನನ್ನ ಯಾವ ಕೆಲಸವೂ ಕಣ್ಣಿಗೆ ಕಾಣದಿದ್ದ ಮ್ಯಾನೇಜರು ಆಗ, "ವೆರಿ ಶಾರ್ಪ್ ಗರ್ಲ್, ಸರ್. ನಾನೇ ಸೆಲೆಕ್ಟ್ ಮಾಡಿದ್ದು" ಎಂದರು. ನಂಜಪ್ಪನವರು ಹಿಂದಿನಿಂದ, "ಪೂಜೆ ಚೆನ್ನಾಗಾಯ್ತಲ್ಲ ಸಾರ್ ಈ ಸಲ" ಎಂದು ಸೇರಿಸಿದರು. ಏನೆಂದು ಹೇಳುವುದು? ನಿಜ ಹೇಳಿದರೆ ಹುಚ್ಚಿ, ಸುಮ್ಮನಿದ್ದರೆ ಕಳ್ಳಿ. ಸುಮ್ಮನಿದ್ದೆ.

ಬುಧವಾರ ಸಿದ್ದಲಿಂಗ ಕೆಲಸಕ್ಕೆ ಬಂದ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, "ಇದ್ಕೇ ಅಂತ ಕುಣಿಗಲ್‌ಗಂಟ ಬಂದಿದ್ರಂತಲ್ಲ ಮೇಡಮ್ಮ? ನಿಮಗೆ ಪೇಪರ್ ಬೇಕಿತ್ತೋ, ಪುರಿ ಬೇಕಿತ್ತೋ? ಪುರಿ ತಿಂದಾಯ್ತು ಕಣ್ರೀ" ಎಂದ. ಸುತ್ತ ಇದ್ದವರು ನಕ್ಕರು. ಅದು ಒಂಬತ್ತನೇ ಹಾಳೆ. ಕೆಂಪು ಶಾಯಿಯ ತಿದ್ದುಪಡಿ ಅದರಲ್ಲಿತ್ತು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ಅದನ್ನೂ ಮಷೀನಿನಲ್ಲಿದ್ದದ್ದನ್ನೂ ಅಕ್ಷರ ಅಕ್ಷರ ಹೋಲಿಸಿದೆ. ಎಲ್ಲ ಒಂದೇ. ಒಂದು ಮಾತ್ರ ಬೇರೆ. ಕಾಗದದಲ್ಲಿ ಅಲ್ಪವಿರಾಮದ ಮುಂದೆ ಜಾಗ ಬಿಟ್ಟಿರಲಿಲ್ಲ. ನಾನು ಟೈಪು ಮಾಡುವಾಗಲೂ ಬಿಡುವುದಿಲ್ಲ. ಮಷೀನಿನಲ್ಲಿದ್ದ ಒಂಬತ್ತನೇ ಹಾಳೆಯಲ್ಲಿ ಮಾತ್ರ ಪ್ರತಿಯೊಂದು ಅಲ್ಪವಿರಾಮದ ಮುಂದೆಯೂ ಒಂದು ಜಾಗ ಬಿಟ್ಟಿತ್ತು. ಟೈಪು ಮಾಡುವವರಿಗೆ ಗೊತ್ತಿರುತ್ತದೆ, ಕೈಯ ಅಭ್ಯಾಸ ಸುಳ್ಳು ಹೇಳುವುದಿಲ್ಲ. ಅದು ನನ್ನ ಕೈಯಲ್ಲ.

ಆಮೇಲಿನ ವರ್ಷಗಳಲ್ಲಿ ತಿಳಿದವರನ್ನು ಕೇಳಿದ್ದೇನೆ. ಒಬ್ಬರು, ಆ ಹಾಳೆಯನ್ನು ನೀವು ಎಂದೋ ನೋಡಿರುತ್ತೀರಿ, ಸುಸ್ತಿನಲ್ಲಿ ನೀವೇ ಟೈಪು ಮಾಡಿ ಮರೆತಿರುತ್ತೀರಿ ಎಂದರು. ಕಟ್ಟನ್ನು ತಿರುವಿಹಾಕುವಾಗ ಕಣ್ಣಿಗೆ ಬಿದ್ದಿದ್ದರೂ ಬಿದ್ದಿರಬಹುದು, ಇಲ್ಲವೆನ್ನುವುದಿಲ್ಲ. ಇಪ್ಪತ್ತೆರಡು ಅಂಕಿ ನೆನಪಿರುತ್ತದೆಯೇ? ಇನ್ನೊಬ್ಬರು, ಮಷೀನಿನ ಗಡಿಯಾರ ಕೆಟ್ಟಿರುತ್ತದೆ ಎಂದರು. ಕೆಟ್ಟಿರಬಹುದು. ಕೆಟ್ಟ ಗಡಿಯಾರ ಹದಿನೆಂಟು ಭಾಗ ಕಂಪೈಲ್ ಮಾಡುತ್ತದೆಯೇ? ರಂಗಣ್ಣನನ್ನು ಕೇಳೋಣವೆಂದರೆ, ಆ ದಿನದ ಮಾತೆತ್ತಿದರೆ ಸಾಕು, "ನಾನೇನೂ ಕೇಳ್ನಿಲ್ಲ ಕಣವ್ವ" ಎಂದು ಎದ್ದು ಹೋಗುತ್ತಿದ್ದ. ಅವನು ಕೇಳಿಸಿಕೊಂಡದ್ದನ್ನು ನಾನು ನೋಡಿದ್ದೇನೆ.

ತಿಂಗಳೊಳಗೆ ಪರ್ಮನೆಂಟ್ ಮಾಡಿದ ಕಾಗದ ಬಂತು. ಅದರಲ್ಲಿ ಕಾರಣವನ್ನೂ ಬರೆದಿದ್ದರು. ಸವಕಳಿ ಪಟ್ಟಿಯ ತಿದ್ದುಪಡಿಯನ್ನು ಗಮನಿಸಿದ ಎಚ್ಚರಕ್ಕಾಗಿ, ಎಂದು. ಎರಡು ತಿಂಗಳು ನಾನು ಒಂದರಿಂದ ಮತ್ತೆ ಮತ್ತೆ ಶುರು ಮಾಡಿದ್ದರ ಬಗ್ಗೆ ಒಂದಕ್ಷರವಿಲ್ಲ. ಕಸದಿಂದ ಹಾಳೆ ಹೆಕ್ಕಿದ್ದು, ಹಬ್ಬದ ದಿನ ಬಾಗಿಲು ಬಾಗಿಲು ತಿರುಗಿ ಮಾತು ಕೇಳಿದ್ದು, ಹನ್ನೊಂದು ಹಾಳೆ ಟೈಪು ಮಾಡಿದ್ದು ಯಾವುದೂ ಇಲ್ಲ. ನಾನು ಮಾಡಿದ್ದೊಂದೂ ಅದರಲ್ಲಿರಲಿಲ್ಲ. ನಾನು ಮಾಡದೆ ಇದ್ದದ್ದು ಮಾತ್ರ ಇತ್ತು.

ಆ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು, ಅದನ್ನು ಇಸಿದುಕೊಂಡು, ತಿರುಗಾಮುರುಗಾ ಹಿಡಿದು ನೋಡಿದಳು.

"ಅದೇನ್ ಮಾಡ್ದೆ ಅಂತ ಕೊಟ್ರೇ ಇದ್ನ?"

"ಹನ್ನೆರಡು ಹಾಳೆ ಕೆಲ್ಸ ಇತ್ತವ್ವ. ಮಾಡಿ ಕೊಟ್ಟೆ."

"ಹನ್ನೆರಡೂ ನೀನೇ ಮಾಡ್ದಾ?"

"ಹೂಂ" ಎಂದೆ.

ಅವಳ ಮುಖ ಅರಳಿತು. ನಾನು ಅವಳಿಗೆ ಹೇಳಿದ ಮೊದಲನೆಯ ಸುಳ್ಳು ಅದು. ಆ ಸುಳ್ಳನ್ನು ಅವಳು ಕೇರಿಯ ತುಂಬ ಹೇಳಿಕೊಂಡು ಬಂದಳು. ಅವಳು ತೀರಿಹೋಗುವ ತನಕವೂ ನನಗೆ ಅದನ್ನು ತಿದ್ದಲು ಆಗಲಿಲ್ಲ.

ಈಗ ಯಾರಾದರೂ ದೆವ್ವದ ಮಾತೆತ್ತಿದರೆ ಮೊದಲಿನ ಹಾಗೆ ರೇಗುವುದಿಲ್ಲ, ಎದ್ದು ಹೋಗುತ್ತೇನೆ. ಸಿಟ್ಟು ಹೋಗಿದೆ ಎಂದಲ್ಲ. ಇನ್ನೊಂದು ದಿನ ಸಿಕ್ಕಿದ್ದರೆ ನಾನೇ ಮುಗಿಸುತ್ತಿದ್ದೆನೋ, ಅಥವಾ ಸೋತು ಮನೆಗೆ ಹೋಗಿ ಕೊಡತಿ ಹಿಡಿಯುತ್ತಿದ್ದೆನೋ, ಅದು ನನಗೆ ಎಂದೆಂದಿಗೂ ಗೊತ್ತಾಗುವ ಹಾಗಿಲ್ಲ. ಅದನ್ನು ತಿಳಿಯುವ ಹಕ್ಕು ನನ್ನದಾಗಿತ್ತು. ಆವತ್ತು ಆ ಮುಚ್ಚಿದ ರೂಮಿನಲ್ಲಿ ಕೂತು ನನ್ನ ಕೆಲಸ ಮಾಡಿದ್ದು ಯಾರೋ, ಏನೋ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಇವತ್ತಿಗೂ ತಿಳಿದಿಲ್ಲ. ಯಾರೇ ಆಗಿರಲಿ, ನಾನು ಬಾಗಿಲಾಚೆಯ ಮೆಟ್ಟಿಲ ಮೇಲೇ ಇದ್ದೆ. ಒಂದು ಮಾತು ನನ್ನನ್ನು ಕೇಳಬೇಕಿತ್ತು.